ಹೆಸರಿಲ್ಲದವರು

ಓದುಗರ ಕಾಗದಗಳನ್ನು ತಾವು ಓದುವುದೇ ಇಲ್ಲವೆಂದು ಹೇಳಿಕೊಳ್ಳುವ ಕತೆಗಾರರದು ಒಂದು ಪಂಗಡ. ಅವರ ಮಾತನ್ನು ನಾನು ನಂಬುವುದಿಲ್ಲ. ಮದುವೆಮನೆಯ ಅಡುಗೆಯವನು ಉಂಡವರ ಮುಖ ನೋಡದೆ ಇರಬಲ್ಲನೇ? ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಂಕ್ತಿಯಲ್ಲಿ ಯಾರಾದರೂ ಗೊಣಗಿದರೆ, ಅವನು ಸೌಟು ಹಿಡಿದುಕೊಂಡೇ ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ನಾನೂ ಕಂಬದ ಮರೆಯವನೇ. ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತನಾದ ಮೇಲೆ ಬೀದರಿನಲ್ಲಿ ಕುಳಿತು ಐತಿಹಾಸಿಕ ಕಥೆಗಳನ್ನು ಬರೆಯುತ್ತಿದ್ದೇನೆ. ಬಂದ ಕಾಗದಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಜನ ಕಾಗದ ಬಿಟ್ಟು ವಾಟ್ಸಪ್ಪಿಗೆ ಹೋದುದರಿಂದ ಡಬ್ಬಿ ತುಂಬುವುದು ನಿಂತಿತ್ತು. ಒಂದು ಕಥೆ ಅದನ್ನು ಮತ್ತೆ ತುಂಬಿಸಿತು.

ಅದಕ್ಕೆ ಮೊದಲು ನಾನು ಬರೆದ ಕಥೆಗಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನನನ್ನು 1481ರಲ್ಲಿ ಒಂದು ಸುಳ್ಳು ಪತ್ರವನ್ನು ನಂಬಿ ಸುಲ್ತಾನನು ಕೊಲ್ಲಿಸಿದ ಕಥೆಗೆ ಓದುಗರು ಕಣ್ಣೀರು ಹಾಕಿದರು. ರಾಜನು ಬೇಟೆಗೆ ಹೋಗಿ ಹೂವಾಡಗಿತ್ತಿಯನ್ನು ಕಂಡು ಮೋಹಗೊಂಡ ಕಥೆಗೆ, ಮುಂದಿನ ಭಾಗ ಯಾವಾಗ ಎಂದು ಕೇಳಿದರು. ಕನ್ನಡ ಓದುಗರಿಗೆ ಇತಿಹಾಸದ ಪ್ರಣಯ ಹೊಸದಲ್ಲ. ಗಳಗನಾಥರು ಊರೂರು ತಿರುಗಿ ತಮ್ಮ ಪುಸ್ತಕ ಮಾರಿದ ಕಾಲದಿಂದ ತ. ರಾ. ಸು. ಅವರ ದುರ್ಗದವರೆಗೆ ನಾವು ಕತ್ತಿ, ಕುದುರೆ, ಒಲವು ಮೂರನ್ನೂ ಒಂದೇ ಎಲೆಯಲ್ಲಿ ಉಂಡು ಬೆಳೆದವರು. ನನ್ನ ಎಲೆಯಲ್ಲಿಯೂ ಈ ಮೂರೂ ಇದ್ದುವು. ಒಲಿದವರು ಮಾತ್ರ ಇಬ್ಬರೂ ಗಂಡಸರಾಗಿದ್ದರು. ಅಷ್ಟೇ ವ್ಯತ್ಯಾಸ.

ಈ ವ್ಯತ್ಯಾಸವನ್ನು ನಾನು ಹುಟ್ಟಿಸಿದ್ದಲ್ಲ. ಬೀದರಿನ ಕೋಟೆಯಲ್ಲಿ ಗುಂಬದ್ ದರವಾಜೆ ದಾಟಿದ ಕೂಡಲೇ ರಂಗೀನ್ ಮಹಲು ಇದೆ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಅದರ ಕೆಲಸವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದನ್ನು ಸಿಂಗರಿಸಿದವನು ಬರೀದ್ ಶಾಹಿ ದೊರೆ ಅಲಿ ಬರೀದ್. 1579ರ ಸುಮಾರಿಗೆ ಅಹಮದನಗರದ ಮುರ್ತಜಾ ನಿಜಾಮ್ ಶಾಹನು ಬೀದರಿಗೆ ಮುತ್ತಿಗೆ ಹಾಕಿದ. ಅಲಿ ಬರೀದನು ವಿಜಾಪುರದ ಅಲಿ ಆದಿಲ್ ಶಾಹನ ನೆರವು ಬೇಡಿದ. ಆದಿಲ್ ಶಾಹನು ಒಪ್ಪಿದ. ಆದರೆ ಒಂದು ಷರತ್ತು ಹಾಕಿದ. ಅವನು ಕೇಳಿದ್ದು ಹೊನ್ನನ್ನಲ್ಲ, ಆನೆಯನ್ನಲ್ಲ, ಕೋಟೆಯನ್ನಲ್ಲ. ಅಲಿ ಬರೀದನ ಅರಮನೆಯಲ್ಲಿ ಬಹಳ ಚೆಲುವರೆಂದು ಹೆಸರಾದ ಇಬ್ಬರು ಖೋಜಾಗಳಿದ್ದರು. ಅವರು ತನಗೆ ಬೇಕು ಎಂದ. ಮುತ್ತಿಗೆ ತೆರವಾಯಿತು. ಮಾತಿನ ಪ್ರಕಾರ ಇಬ್ಬರನ್ನೂ ವಿಜಾಪುರಕ್ಕೆ ಕಳುಹಿಸಿದ್ದಾಯಿತು. ಅಲ್ಲಿ ಅವರಲ್ಲಿ ಒಬ್ಬನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದ ಚೂರಿಯಿಂದ ಸುಲ್ತಾನನನ್ನು ಇರಿದು ಕೊಂದ. ಇದು 1580ರ ಮಾತು. 1565ರಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಒಬ್ಬನು, ಚಾಂದ್ ಬೀಬಿಯ ಗಂಡ, ಹೀಗೆ ಸತ್ತ. ಬರೆದಿಟ್ಟವನು ಫೆರಿಷ್ತಾ. ಕೆಲವೇ ವರ್ಷಗಳ ಮೇಲೆ ಅದೇ ವಿಜಾಪುರದ ದರ್ಬಾರನ್ನು ಸೇರಿ, ಸತ್ತವನ ಅಣ್ಣತಮ್ಮಂದಿರ ಮಗನ ಆಶ್ರಯದಲ್ಲಿಯೇ ಕುಳಿತು ಬರೆದವನು. ಸುಲ್ತಾನರ ಹೆಸರು, ಮುತ್ತಿಗೆ, ಸೈನ್ಯ ಎಲ್ಲವೂ ಈ ಕಥೆಯಲ್ಲಿ ಇವೆ. ಆ ಇಬ್ಬರು ಮಾತ್ರ 'ಚೆಲುವರಾದ ಇಬ್ಬರು' ಎಂದಷ್ಟೇ ನಮ್ಮ ತನಕ ಬಂದಿದ್ದಾರೆ.

ನನಗೆ ಕಥೆ ಹುಟ್ಟಿದ್ದು ಇಲ್ಲಿ. ಚೆಲುವು ಎಂಬುದು ನೋಡುವವನ ಮಾತು. ನೋಡಿಸಿಕೊಂಡವನಿಗೆ ಏನೆನಿಸಿತು? ಅರಮನೆಯ ಗುಲಾಮರಿಗೆ ರತ್ನಗಳ, ಸುಗಂಧಗಳ ಹೆಸರಿಡುವ ರೂಢಿ ಇತ್ತು. ನಾನು ಒಬ್ಬನಿಗೆ ಯಾಕೂತ್ ಎಂದೂ ಇನ್ನೊಬ್ಬನಿಗೆ ಸಂದಲ್ ಎಂದೂ ಹೆಸರಿಟ್ಟೆ. ಮಾಣಿಕ್ಯ ಮತ್ತು ಶ್ರೀಗಂಧ. ಇಬ್ಬರನ್ನೂ ಇಪ್ಪತ್ತೈದು ದಾಟಿದ ಪ್ರಾಯದವರನ್ನಾಗಿ ಮಾಡಿದೆ. ರಂಗೀನ್ ಮಹಲಿನಲ್ಲಿ ಪಹರೆಯ ಹೊತ್ತಿನಲ್ಲಿ ಒಬ್ಬರ ಕಾಲ ಸಪ್ಪಳವನ್ನು ಇನ್ನೊಬ್ಬರು ಗುರುತಿಸುವಷ್ಟು ಅವರನ್ನು ಹತ್ತಿರ ತಂದೆ. ವಿಜಾಪುರದಲ್ಲಿ ಮೊದಲ ರಾತ್ರಿ ಕರೆ ಬಂದದ್ದು ಯಾಕೂತನಿಗೆ. ಅವನು ಚೂರಿ ತೆಗೆದುಕೊಂಡು ಹೋದದ್ದು ತನ್ನ ಮಾನಕ್ಕಾಗಿ ಅಲ್ಲ. ಮರುರಾತ್ರಿ ಸಂದಲನ ಸರದಿ ಬಾರದಿರಲಿ ಎಂದು. ಕಥೆ ಅಲ್ಲಿಗೆ ಮುಗಿಯುತ್ತದೆ.

ಒಂದು ಮಾಸಪತ್ರಿಕೆಯಲ್ಲಿ ಅದು ಅಚ್ಚಾಯಿತು. ಮೊದಲ ಟೀಕೆ ಕಾಗದದಲ್ಲಿ ಬರಲಿಲ್ಲ, ಕಾಲ್ನಡಿಗೆಯಲ್ಲಿ ಬಂತು. ಉದಗೀರ ರಸ್ತೆಯ ಬರೀದ್ ಶಾಹಿ ಉದ್ಯಾನದಲ್ಲಿ ನಾವು ಕೆಲವರು ಬೆಳಗಿನ ಹೊತ್ತು ತಿರುಗಾಡುತ್ತೇವೆ. ಅಲಿ ಬರೀದನ ಗೋರಿಯೂ ಅಲ್ಲಿಯೇ ಇದೆ. ಆ ಗುಮ್ಮಟ ನಾಲ್ಕು ಕಡೆಗೂ ತೆರೆದುಕೊಂಡು ನಿಂತಿದೆ, ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತದೆ. ಅದರ ನೆರಳಿನಲ್ಲಿಯೇ ಪರಿಚಿತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು.

"ಏನ್ರಿ ಮಾಸ್ತರ, ಬೀದರ ಮ್ಯಾಲ ಬರೀಲಿಕ್ಕ ನಿಮಗ ಬ್ಯಾರೆ ಕಥಿ ಸಿಗಲಿಲ್ಲೇನು? ಊರಿನ ಮಾನ ತೆಗದ್ರಲ್ಲ!"

"ಮಾನ ತೆಗೆದವರು ನಾನೋ, ಇವರೋ?" ಎಂದು ನಾನು ಗುಮ್ಮಟದ ಕಡೆ ಕೈ ತೋರಿಸಿದೆ. "ಊರು ಉಳಿಸಿಕೊಳ್ಳಲಿಕ್ಕೆ ಇಬ್ಬರು ಮನುಷ್ಯರನ್ನು ಕೊಟ್ಟವರು ಇವರು."

ಅವರು ನಕ್ಕರು. ನಗುತ್ತಲೇ, "ಅದಿರಲಿ, ನೀವೂ ಅಂಥವ್ರೇ ಏನ್ರಿ?" ಎಂದರು. ನಾನು ಮದುವೆಯಾಗದವನು, ಆ ಪ್ರಶ್ನೆ ಬಹಳ ದಿನದಿಂದ ಅವರ ನಾಲಗೆಯ ತುದಿಯಲ್ಲಿ ಇದ್ದಿರಬೇಕು. "ತ. ರಾ. ಸು. ಅವರು ಚಿತ್ರದುರ್ಗದ ನಾಯಕರ ಮೇಲೆ ಬರೆದಾಗ, ನೀವೂ ಪಾಳೆಯಗಾರರೇ ಎಂದು ಯಾರೂ ಕೇಳಲಿಲ್ಲವಲ್ಲ" ಎಂದು ನಾನೂ ನಕ್ಕು ಮುಂದೆ ನಡೆದೆ. ತಿರುಗಾಟದ ಹೊತ್ತಿಗೆ ಆ ಉತ್ತರ ಸಾಕು.

ಮಾನದ ಪ್ರಶ್ನೆಯನ್ನು ಮಾತ್ರ ನಾನು ಮನೆಗೆ ಬಂದ ಮೇಲೂ ಯೋಚಿಸಿದೆ. ಸಂಧಿಯ ಷರತ್ತಾಗಿ ಒಬ್ಬ ರಾಜ ಇನ್ನೊಬ್ಬ ರಾಜನ ಮಗಳನ್ನು ಕೇಳಿದ ಕಥೆಗಳು ನಮ್ಮಲ್ಲಿ ಎಷ್ಟಿಲ್ಲ! ಅವನ್ನು ಓದಿ ಊರಿನ ಮಾನ ಹೋಯಿತೆಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಆ ಹುಡುಗಿಯನ್ನು ಕೇಳಿದವರುಂಟೇ ಎಂಬ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ಗಂಡಸರನ್ನು ಕೇಳಿದ ಕೂಡಲೇ ನಮಗೆ ಮುಜುಗರವಾಗುತ್ತದೆ. ಹಾಗಾದರೆ ಮುಜುಗರ ಬಲಾತ್ಕಾರದ್ದಲ್ಲ, ಬಲಾತ್ಕಾರಕ್ಕೆ ಸಿಕ್ಕವರು ಯಾರು ಎಂಬುದರದ್ದು. ಈ ಲೆಕ್ಕವನ್ನು ಓದುಗರ ಮುಂದೆ ಇಟ್ಟರೆ ಸಾಕು, ಉತ್ತರವನ್ನು ನಾನು ಹೇಳಬೇಕಾಗಿಲ್ಲ.

ಎರಡನೆಯ ಟೀಕೆ ಭಾಲ್ಕಿಯಿಂದ, ನಿವೃತ್ತ ಶಿಕ್ಷಕರೊಬ್ಬರಿಂದ, ಮೂರು ಹಾಳೆಯ ಕಾಗದವಾಗಿ ಬಂತು. ಅಕ್ಷರ ಮುತ್ತಿನಂತಿತ್ತು. ಇಂಥ ಪ್ರೀತಿ ಪರದೇಶದ ಸರಕು, ನಮ್ಮ ನೆಲದಲ್ಲಿ ಇರಲಿಲ್ಲ, ಇದ್ದರೂ ಅದನ್ನು ಹಿಂದಿನ ಕಾಲಕ್ಕೆ ಒಯ್ದು ಅಂಟಿಸಬಾರದು ಎಂಬುದು ಅವರ ವಾದ. ಈ ಕಾಲದ ಊರಿನಲ್ಲಿ ನಡೆಯಿತೆಂದು ಬರೆದರೆ ಬೇಡವೆನ್ನುವುದಿಲ್ಲ ಎಂದೂ ಸೇರಿಸಿದ್ದರು. 2013ರಲ್ಲಿ ಬಂದ ವಸುಧೇಂದ್ರರ 'ಮೋಹನಸ್ವಾಮಿ'ಯನ್ನು ಅವರು ಓದಿದ್ದರು. ಅದು ಇವತ್ತಿನ ಮಾತು, ಒಪ್ಪಬಹುದು ಎಂದಿದ್ದರು. ಇದು ನನಗೆ ಹೊಸ ವಿಷಯವಾಗಿ ತೋರಿತು. ಇವತ್ತಿನ ಕಥೆಯಾದರೆ ಪಟ್ಟಣದ ಮೇಲೆ, ಟಿವಿಯ ಮೇಲೆ, ಫೋನಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಹುದು. ನಾಲ್ಕುನೂರು ವರ್ಷದ ಹಿಂದೆಯೂ ಇತ್ತು ಎಂದರೆ ಹೊರಿಸಲು ಯಾರೂ ಸಿಗುವುದಿಲ್ಲ. ಇಂಥ ಕಥೆಯನ್ನು ನಾನು ಇತಿಹಾಸದಲ್ಲಿ ಇಡುವುದು ಅದಕ್ಕಾಗಿಯೇ.

ಅಂಥ ಅಕ್ಷರಕ್ಕೆ ಫೋನಿನಲ್ಲಿ ಉತ್ತರ ಕೊಡುವುದು ಸರಿಯಲ್ಲವೆಂದು ಒಂದು ದಿನ ಬೆಳಿಗ್ಗೆ ರೈಲು ಹತ್ತಿ ಭಾಲ್ಕಿಗೆ ಹೋದೆ. ಅವರು ಚಹಾ ಕೊಟ್ಟರು, ಚೂಡಾ ಕೊಟ್ಟರು. ಆಮೇಲೆ ವಾದಕ್ಕೆ ಕೂತೆವು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ತೃತೀಯ ಪ್ರಕೃತಿಯವರ ಪ್ರಸ್ತಾಪ ಇದೆ ಎಂದೆ. ಪರದೇಶದಿಂದ ಬಂದದ್ದು ಪ್ರೀತಿಯಲ್ಲ, ಅದನ್ನು ಅಪರಾಧವೆಂದ ಕಾನೂನು. 1860ರಲ್ಲಿ ಇಂಗ್ಲಿಷರು ಮಾಡಿದ ದಂಡಸಂಹಿತೆಯ 377ನೆಯ ಕಲಮು ಅದು. ಪ್ರಾಯಕ್ಕೆ ಬಂದವರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು ಎಂದೆ. ಅವರು ತಲೆಯಾಡಿಸಿದರು. ಆದರೆ ಆ ತಲೆಯಾಡಿಸುವಿಕೆ ಒಪ್ಪಿಗೆಯದಲ್ಲ, ವಿದ್ಯಾರ್ಥಿ ಪಾಠ ಒಪ್ಪಿಸಿದಾಗ ಮಾಸ್ತರರು ಮಾಡುವಂಥದು.

ಆಗ ನಾನು ಅವರ ಊರಿನ ಮಾತನ್ನೇ ತೆಗೆದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಇಲ್ಲಿ ನೆಲೆ ಇರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಇದನ್ನು ಬೀದರ ಜಿಲ್ಲೆಯಲ್ಲಿ ಚಿಕ್ಕ ಮಕ್ಕಳೂ ಬಲ್ಲರು. "ಹೊರಗೆ ಫಲಕ ಇಲ್ಲದ್ದರಿಂದ ಒಳಗೆ ಕನ್ನಡ ಇರಲಿಲ್ಲ ಎಂದು ಯಾರಾದರೂ ಇತಿಹಾಸ ಬರೆದರೆ ನೀವು ಒಪ್ಪುತ್ತೀರಾ?" ಎಂದು ಕೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. "ಕನ್ನಡ ತಾಯಿ ಭಾಷಾ. ಅದನ್ನ ಇದಕ್ಕ ಹೋಲಿಸಬ್ಯಾಡ್ರಿ" ಎಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಖರೆ, ಒಳಗ ಒಂದು, ಹೊರಗ ಒಂದು ಇಟಗೊಂಡು ಬದುಕೋದು ಬಾಳ ತ್ರಾಸಿನ ಕೆಲಸ. ನಮ್ಮಪ್ಪ ಆ ಸಾಲ್ಯಾಗ ಕಲ್ತವ. ಯಾರರ ಬಂದ್ರ ಅಂದ್ರ ಎದಿ ಹೊಡಕೋತಿತ್ತಂತ" ಎಂದರು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಆ ಹೆದರಿಕೆ ಹೋಯಿತಲ್ಲವೇ ಎಂದೆ. "ಹೋತು. ಆದ್ರ ಅಪ್ಪ ಸಾಯೂತನಕ ಕನ್ನಡ ಪುಸ್ತಕ ಓದೂಮುಂದ ಒಮ್ಮೆ ಬಾಗಿಲ ಕಡಿ ನೋಡ್ತಿದ್ದ" ಎಂದರು. ನನ್ನ ಹೋಲಿಕೆಯನ್ನು ಅವರು ಕೊನೆಗೂ ಒಪ್ಪಲಿಲ್ಲ. ಸ್ಟೇಷನ್ನಿನವರೆಗೆ ನಡೆದುಕೊಂಡು ಬಂದು ರೈಲು ಹತ್ತಿಸಿ ಹೋದರು. ಟೀಕೆಗೆ ಉತ್ತರ ಕೊಡುವುದೆಂದರೆ ಎದುರಿನವರನ್ನು ಗೆಲ್ಲುವುದು ಎಂದು ತಿಳಿದವರಿಗೆ ಆ ಪ್ರಯಾಣ ವ್ಯರ್ಥವೆನಿಸಬಹುದು. ನನಗೆ ಹಾಗೆನಿಸಲಿಲ್ಲ. ಬಾಗಿಲ ಕಡೆ ನೋಡುತ್ತ ಓದುವ ಒಬ್ಬ ಮುದುಕನನ್ನು ಅವರು ನನಗೆ ಕೊಟ್ಟರು. ನನ್ನ ಮೂರು ವಾದಗಳಿಗಿಂತ ಅವನ ತೂಕ ಹೆಚ್ಚು.

ಮೂರನೆಯ ಟೀಕೆ ಬೆಂಗಳೂರಿನ ಒಬ್ಬ ವಿಮರ್ಶಕ ಮಿತ್ರನದು. ಅವನಿಗೆ ಗಂಡು ಗಂಡನ್ನು ಪ್ರೀತಿಸುವುದರಲ್ಲಿ ಆಕ್ಷೇಪವಿಲ್ಲ. ಆಕ್ಷೇಪ ಪ್ರಣಯದ ಬಗೆಗೆ. "ಅವರು ಗುಲಾಮರು. ಅವರ ದೇಹವನ್ನು ಕತ್ತರಿಸಿದವರು ಬೇರೆಯವರು, ಮಾರಿದವರು ಬೇರೆಯವರು, ಬೇಡಿದವರು ಬೇರೆಯವರು. ಅಂಥವರ ನಡುವೆ ನೀನು ಬೆಳದಿಂಗಳು ಚೆಲ್ಲುತ್ತೀಯೆ. ಇದು ಕ್ರೌರ್ಯಕ್ಕೆ ಸಕ್ಕರೆ ಸವರಿದಂತೆ. ಮೇಲಾಗಿ ಖೋಜಾಗಳನ್ನು ಇವತ್ತಿನ ಸಲಿಂಗಪ್ರೇಮಿಗಳ ಪೂರ್ವಜರೆಂದು ತೋರಿಸುವುದು ಚರಿತ್ರೆಯಲ್ಲ" ಎಂದು ಬರೆದ.

ಈ ಟೀಕೆಯಲ್ಲಿ ತಿಳಿವಳಿಕೆ ಇದೆ. ಆದುದರಿಂದ ಇದಕ್ಕೆ ಉತ್ತರವನ್ನು ಎಚ್ಚರದಿಂದ ಬರೆದೆ. ಇವತ್ತಿನ ಹೆಸರುಗಳನ್ನು ನಾನು ಆ ಇಬ್ಬರಿಗೆ ಅಂಟಿಸಿಲ್ಲ. ನನ್ನ ಕಥೆಯಲ್ಲಿ ಅಂಥ ಒಂದು ಮಾತೂ ಇಲ್ಲ. ನಾನು ಹೇಳಿದ್ದು ಇಷ್ಟೆ: ಒಬ್ಬ ಮನುಷ್ಯ ಇನ್ನೊಬ್ಬನನ್ನು ತನ್ನ ಜೀವಕ್ಕಿಂತ ಹೆಚ್ಚಾಗಿ ಬಯಸಿದ. ಇಂಗ್ಲಿಷಿನ ಮೇರಿ ರೆನೋ 1972ರಲ್ಲಿ 'ದ ಪರ್ಷಿಯನ್ ಬಾಯ್' ಬರೆದು, ಅಲೆಕ್ಸಾಂಡರನ ಕಥೆಯನ್ನೆಲ್ಲ ಬಗೋವಾಸ್ ಎಂಬ ಖೋಜಾನ ಬಾಯಿಂದ ಹೇಳಿಸಿದಳು. ಅಲ್ಲಿ ಖೋಜಾ ಪ್ರೀತಿಸುವುದು ಒಡೆಯನನ್ನು. ನನ್ನ ಕಥೆಯಲ್ಲಿ ಬೆಳದಿಂಗಳು ಇರುವುದು ಒಡೆಯನಿಗೂ ಗುಲಾಮನಿಗೂ ನಡುವೆ ಅಲ್ಲ, ಗುಲಾಮನಿಗೂ ಗುಲಾಮನಿಗೂ ನಡುವೆ. ಎಲ್ಲವನ್ನೂ ಕಸಿದುಕೊಂಡವರ ಕೈಗೆ ಸಿಗದೆ ಉಳಿದದ್ದು ಅದೊಂದೇ. ಅದನ್ನೂ ಇಲ್ಲವೆಂದರೆ ನಾವೂ ಕಸಿದುಕೊಂಡವರ ಸಾಲಿಗೆ ಸೇರುತ್ತೇವೆ. ಮಿತ್ರ ಇದಕ್ಕೆ ಪ್ರತಿಯಾಗಿ ಇನ್ನೂ ಉದ್ದವಾಗಿ ಬರೆದಿದ್ದಾನೆ. ನಮ್ಮ ವಾದ ನಡೆದಿದೆ.

1950ರ ಸುಮಾರಿನಲ್ಲಿ 'ನಗ್ನಸತ್ಯ', 'ಸಂಜೆಗತ್ತಲು' ಮೊದಲಾದ ಕಾದಂಬರಿಗಳಿಗಾಗಿ ಅ. ನ. ಕೃ. ಅವರ ಮೇಲೆ ಅಶ್ಲೀಲದ ಆಪಾದನೆ ಬಂದಾಗ, ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಒಂದು ಪುಸ್ತಕವನ್ನೇ ಉತ್ತರವಾಗಿ ಕೊಟ್ಟರು. ಅಷ್ಟು ಉಸಿರು ನನಗಿಲ್ಲ. ಮೂರು ಟೀಕೆಗಳಿಗೆ ಮೂರು ಬಗೆಯಲ್ಲಿ ಉತ್ತರ ಕೊಟ್ಟು ಸುಮ್ಮನಾಗುವವನಿದ್ದೆ. ಅಷ್ಟರಲ್ಲಿ ನಾಲ್ಕನೆಯ ಕಾಗದ ಬಂತು.

ಲಕೋಟೆಯ ಮೇಲೆ ಔರಾದದ ಅಂಚೆಮುದ್ರೆ ಇತ್ತು. ಒಳಗೆ ನೋಟುಬುಕ್ಕಿನಿಂದ ಹರಿದ ಒಂದು ಹಾಳೆ. ಹೆಸರಿಲ್ಲ, ಊರಿಲ್ಲ, ಫೋನ್ ನಂಬರಿಲ್ಲ. ಬರೆದವರು ಕಥೆಯನ್ನು ಹೊಗಳಿರಲಿಲ್ಲ, ತೆಗಳಿರಲೂ ಇಲ್ಲ. ಯಾಕೂತ್ ಸತ್ತ, ಸಂದಲ್ ಏನಾದ ಎಂದು ಕೇಳಿದ್ದರು. ಅವನಾದರೂ ಬದುಕಿದನೆಂದು ಬರೆಯಲಿಕ್ಕೆ ಬರುತ್ತಿರಲಿಲ್ಲವೇ, ಹೀಗಿರುವವರು ಬದುಕಿ ಬಾಳಿದ ಕಥೆ ಎಲ್ಲಿಯೂ ಇಲ್ಲವೇ ಎಂದು ಕೇಳಿದ್ದರು. ಈ ಸಲ ರಾಶಿ ಮುಗಿದ ಮೇಲೆ ಮನೆಯಲ್ಲಿ ತಮ್ಮ ಮದುವೆ ಮಾಡುತ್ತಾರೆ ಎಂದು ಬರೆದಿದ್ದರು. ಕಡೆಯ ಸಾಲಿನಲ್ಲಿ, ಬರೀದ್ ಶಾಹಿ ಉದ್ಯಾನದಲ್ಲಿ ಕೇಳಿದ ಪ್ರಶ್ನೆಯೇ ಇತ್ತು. ಆದರೆ ಅಲ್ಲಿ ಅದು ನಗೆಯ ಮಾತಾಗಿತ್ತು, ಇಲ್ಲಿ ಹಾಗಿರಲಿಲ್ಲ.

ಈ ಕಾಗದಕ್ಕೆ ಅಂಚೆಯಲ್ಲಿ ಉತ್ತರ ಕಳುಹಿಸುವ ಹಾಗಿಲ್ಲ. ಪತ್ರಿಕೆ ಔರಾದಕ್ಕೂ ಹೋಗುತ್ತದೆ. ವಾಚಕರು ಮನ್ನಿಸಬೇಕು; ಇನ್ನು ಮುಂದಿನ ನಾಲ್ಕು ಮಾತು ಒಬ್ಬರಿಗಾಗಿ.

ನೀವು ಕೇಳಿದ ಕಡೆಯ ಪ್ರಶ್ನೆಗೆ ಮೊದಲು ಉತ್ತರ: ಹೌದು. ಅರವತ್ತು ದಾಟಿದ್ದೇನೆ, ಪಿಂಚಣಿ ಬರುತ್ತದೆ, ಬೆಳಿಗ್ಗೆ ತಿರುಗಾಡುತ್ತೇನೆ, ಎರಡು ಹೊತ್ತು ಊಟ ಮಾಡುತ್ತೇನೆ. ಬದುಕಿ ಬಾಳಿದವರು ಇದ್ದಾರೆಯೇ ಎಂದು ಕೇಳಿದಿರಲ್ಲ, ಇಲ್ಲೊಬ್ಬನಿದ್ದಾನೆ. ಇದು ದೊಡ್ಡ ಕಥೆಯೇನಲ್ಲ, ಆದರೆ ನಡೆದ ಕಥೆ.

ಎರಡನೆಯದು ಮದುವೆ. ಕಾನೂನು ನಿಮ್ಮನ್ನು ಅಪರಾಧಿಯೆನ್ನುವುದನ್ನು ಬಿಟ್ಟಿದೆ. ಇಬ್ಬರು ಗಂಡಸರ ಮದುವೆಯನ್ನು ಮಾನ್ಯ ಮಾಡಲು ಮಾತ್ರ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದುದರಿಂದ ದಾರಿ ಪೂರ್ತಿ ತೆರೆದಿದೆಯೆಂದು ನಾನು ಹೇಳಲಾರೆ. ಮನೆಯವರ ಒತ್ತಾಯ ಎಂಥದೆಂದೂ ಬಲ್ಲೆ. ತಾಯಿಯ ಕಣ್ಣೀರನ್ನು ಎದುರಿಸಲು ಯಾವ ಕಲಮೂ ನೆರವಾಗುವುದಿಲ್ಲ. ಆದರೆ ನಿಮ್ಮ ಕಾಗದದಲ್ಲಿ ಹೆಸರಿಲ್ಲದವರು ಇನ್ನೊಬ್ಬರಿದ್ದಾರೆ. ನಿಮಗೆ ಗೊತ್ತುಮಾಡಲಿರುವ ಆ ಹುಡುಗಿ. ಭಾಲ್ಕಿಯ ಶಾಲೆಯ ಮಕ್ಕಳಿಗೆ ಹೊರಗೆ ಉರ್ದು ಫಲಕವಿದ್ದರೂ ಒಳಗೆ ಕನ್ನಡ ಸಿಗುತ್ತಿತ್ತು. ಆ ಹುಡುಗಿಗೆ ಫಲಕ ಒಂದೇ ಸಿಗುತ್ತದೆ. ವಿಜಾಪುರಕ್ಕೆ ಕಳುಹಿಸುವಾಗ ಆ ಇಬ್ಬರನ್ನು ಯಾರೂ ಕೇಳಲಿಲ್ಲ ಎಂದು ನಾವು ನೊಂದುಕೊಳ್ಳುತ್ತೇವಲ್ಲ, ಅವಳನ್ನೂ ಯಾರೂ ಕೇಳಿರುವುದಿಲ್ಲ. ರಾಶಿಗೆ ಇನ್ನೂ ದಿನಗಳಿವೆ. ಮನೆಯಲ್ಲಿ ಯಾರಾದರೂ ಒಬ್ಬರಿಗೆ, ಅಕ್ಕನಿಗಾಗಲಿ ಕಾಕಾನಿಗಾಗಲಿ, ಹೇಳಲು ಸಾಧ್ಯವೇ ನೋಡಿ. ಎಲ್ಲರಿಗೂ ಒಮ್ಮೆಗೇ ಹೇಳಬೇಕೆಂದಿಲ್ಲ.

ಇನ್ನು ಸಂದಲ್. ಇ. ಎಂ. ಫಾರ್ಸ್ಟರ್ ಎಂಬ ಇಂಗ್ಲಿಷ್ ಕಾದಂಬರಿಕಾರ 1913-14ರಲ್ಲಿ 'ಮಾರಿಸ್' ಎಂಬ ಕಾದಂಬರಿ ಬರೆದ. ಇಬ್ಬರು ಗಂಡಸರು ಪ್ರೀತಿಸಿ ಕಡೆಗೂ ಒಟ್ಟಿಗೇ ಉಳಿಯುವ ಕಥೆ. ಅದು ಸುಖಾಂತವಾಗಲೇಬೇಕೆಂದು ಅವನ ಹಟ; ಸುಖಾಂತವಾದುದರಿಂದಲೇ ಅಚ್ಚುಹಾಕುವುದು ಕಷ್ಟವೆಂದೂ ಅವನಿಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿಟ್ಟ. 1970ರಲ್ಲಿ ತೀರಿಕೊಂಡ, ಪುಸ್ತಕ ಹೊರಬಂದದ್ದು 1971ರಲ್ಲಿ. ಅಷ್ಟು ಕಾಯುವ ಕಾಲ ಈಗಿಲ್ಲ. ಯಾಕೂತನ ಕಥೆಯನ್ನು ನಾನು ತಿದ್ದುವುದಿಲ್ಲ. ಸುಲ್ತಾನ ಸತ್ತದ್ದು ಚರಿತ್ರೆ. ಸುಲ್ತಾನನನ್ನು ಇರಿದ ಗುಲಾಮ ಉಳಿದನೆಂದರೆ ಅದು ಓದುಗನಿಗೆ ಆಡುವ ಸುಳ್ಳು. ಆದರೆ ಸಂದಲನ ಕೈಯಲ್ಲಿ ಚೂರಿ ಇರಲಿಲ್ಲ. ಅವನಿಗೆ ಬೇರೆಯದೇ ಒಂದು ಕಥೆ ಬೇಕು; ಅದನ್ನು ಬರೆಯುತ್ತಿದ್ದೇನೆ.

ಸುಲ್ತಾನನ ಸಾವಿನ ಗೊಂದಲದಲ್ಲಿ, ಒಂಬತ್ತು ವರ್ಷದ ಹುಡುಗನನ್ನು ಪಟ್ಟಕ್ಕೆ ಕೂರಿಸುವ ಅವಸರದಲ್ಲಿ, ಕೋಟೆಯ ಬಾಗಿಲಿನಿಂದ ಒಬ್ಬ ಗುಲಾಮ ಹೊರಬೀಳುತ್ತಾನೆ. ಬೀದರಿಗೆ ಬರುವುದಿಲ್ಲ, ಅವನನ್ನು ಕೊಟ್ಟುಕಳುಹಿಸಿದ ಊರು ಅದು. ಇನ್ನೂ ಬಡಗಣಕ್ಕೆ ನಡೆದು, ಮಾಂಜ್ರಾ ನದಿ ದಾಟಿ, ನಿಮ್ಮ ಔರಾದದ ಸೀಮೆಗೆ ಬರುತ್ತಾನೆ. ಅಲ್ಲಿ ದನ ಕಾಯುತ್ತಾನೆ. ಅರಮನೆಯ ಪಾರಸಿ ಮರೆತು ಹಳ್ಳಿಯ ಕನ್ನಡವನ್ನೂ ಮರಾಠಿಯನ್ನೂ ಕಲಿಯುತ್ತಾನೆ. ಯಾಕೂತನನ್ನು ಮಾತ್ರ ಮರೆಯುವುದಿಲ್ಲ. ಹತ್ತು ವರ್ಷದ ಮೇಲೆ ಎತ್ತು ಕೊಳ್ಳಲು ಬಂದವನೊಬ್ಬ ನೀರು ಕೇಳುತ್ತಾನೆ, ಮಳೆಗೆ ಸಿಕ್ಕಿ ಒಂದು ರಾತ್ರಿ ಉಳಿಯುತ್ತಾನೆ, ಮರುದಿನ ಎತ್ತು ಚೌಕಾಶಿ ಮಾಡುವುದನ್ನು ಮರೆಯುತ್ತಾನೆ. ಇಲ್ಲಿಯತನಕ ಬರೆದಿದ್ದೇನೆ. ಸಂದಲ್ ಮುದುಕನಾಗುವ ತನಕ ಬರೆಯುವವನಿದ್ದೇನೆ.

ಇದು ನಡೆದದ್ದಕ್ಕೆ ಆಧಾರವೇನು ಎಂದು ಬೆಂಗಳೂರಿನ ಮಿತ್ರ ಕೇಳಿಯೇ ಕೇಳುತ್ತಾನೆ. ಭಾಲ್ಕಿಯ ಮಾಸ್ತರರಿಂದ ಮತ್ತೆ ಮೂರು ಹಾಳೆಯ ಕಾಗದ ಬರುತ್ತದೆ. ಉದ್ಯಾನದಲ್ಲಿ ಕೆಲವರು ನನ್ನನ್ನು ಕಂಡು ಬೇರೆ ದಾರಿ ಹಿಡಿಯಲೂಬಹುದು. ಬರಲಿ, ಡಬ್ಬಿಯಲ್ಲಿ ಇನ್ನೂ ಜಾಗ ಇದೆ. ನಿಮ್ಮದೂ ಇನ್ನೊಂದು ಬಂದರೆ ಸಂತೋಷ. ಹೆಸರು ಹಾಕಬೇಕೆಂದಿಲ್ಲ, ಸಂದಲ್ ಎಂದು ಬರೆದರೆ ಸಾಕು, ನನಗೆ ತಿಳಿಯುತ್ತದೆ.